ಕಿವಿ ಕತ್ತರಿಸಿದ ನಾಯಿಗೆ ರವಿವಾರದ ಎಡೆ

ಮಾಘ ಮಾಸದ ಒಂದು ರವಿವಾರ, ಬೆಳಿಗ್ಗೆ ಆರು ಗಂಟೆ. ಗೋಕಾಕ ಊರ ಹೊರಗಿನ, ಈಗ ಬಳಕೆಯಲ್ಲಿಲ್ಲದ ಬೆಲ್ಲದ ಗಾಣದ ಶೆಡ್ಡು. ಹಾಜರಿದ್ದವರು ನಾನು, ಪಶುವೈದ್ಯೆ ಡಾಕ್ಟರು ಮತ್ತು ಟೆಂಪೊ ಚಾಲಕ. ಪಂಜರಗಳಲ್ಲಿ ಬಿಡುಗಡೆಗೆ ಸಿದ್ಧವಾಗಿದ್ದ ನಾಯಿಗಳು ಏಳು. ಐದು ಮೂಡಲಗಿಯವು, ಎರಡು ಹುಕ್ಕೇರಿಯವು.

ಯಾವ ಸಂಗತಿಯನ್ನಾದರೂ ಹೀಗೇ ಶುರುಮಾಡುವುದು ನನಗೆ ರೂಢಿ. ನೌಕರಿಯ ಬಹುಪಾಲನ್ನು ನಾನು ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಯಲ್ಲಿ ಕಳೆದೆ. ಯಾವ ಗಾಡಿ ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಹೇಳುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯ ನಂತರವೂ ಬೆಳಗಿನ ಜಾವ ಎಚ್ಚರವಾಗುವುದು ತಪ್ಪಲಿಲ್ಲ. ಎದ್ದು ಹೋಗಲು ಒಂದು ಜಾಗ ಬೇಕಿತ್ತು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಈ ಗುಂಪಿಗೆ ವೇಳೆ ನೋಡಿಕೊಳ್ಳುವವನೊಬ್ಬ ಬೇಕಿತ್ತು. ನಾಯಿಗಳ ಮೇಲೆ ನನಗೆ ವಿಶೇಷ ಪ್ರೀತಿ ಇಲ್ಲ, ದ್ವೇಷವೂ ಇಲ್ಲ.

ಕೆಲಸ ಸರಳ. ಬುಧವಾರ ಒಂದು ಓಣಿಯ ನಾಯಿಗಳನ್ನು ಬಲೆ ಹಾಕಿ ಹಿಡಿಯುವುದು. ಗುರುವಾರ ಡಾಕ್ಟರು ಸಂಕೇಶ್ವರದ ತಮ್ಮ ದವಾಖಾನೆ ಮುಚ್ಚಿ ಬಂದು ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಹೊಲಿಗೆ ಒಣಗುವವರೆಗೆ ಆರೈಕೆ. ರವಿವಾರ, ಹಿಡಿದ ಜಾಗದಲ್ಲೇ ತಂದು ಬಿಡುವುದು. ಬೇರೆ ಓಣಿಯಲ್ಲಿ ಬಿಟ್ಟರೆ ಅಲ್ಲಿಯ ನಾಯಿಗಳು ಹರಿದು ಹಾಕುತ್ತವೆ. ಓಣಿಯಲ್ಲಿ ಒಂದನ್ನು ಬಿಟ್ಟರೂ ಮಾಡಿದ ಕೆಲಸ ನೀರುಪಾಲು, ಹಾಗಾಗಿ ಇದ್ದಷ್ಟನ್ನೂ ಒಮ್ಮೆಲೇ ಒಯ್ಯುತ್ತೇವೆ. ಮತ್ತಿಗೆ ಜಾರಿದ್ದಾಗಲೇ ಎಡಗಿವಿಯ ತುದಿಯನ್ನು ನೇರವಾಗಿ ಕತ್ತರಿಸುತ್ತಾರೆ. ದೂರದಿಂದಲೇ ಕಾಣುವ ಗುರುತು ಅದು. ಆ ಗುರುತಿದ್ದ ನಾಯಿಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ, ಹೊಟ್ಟೆ ಕೊಯ್ಯುವುದಿಲ್ಲ.

ಇದನ್ನೆಲ್ಲ ನಾನು ಪ್ರತಿ ಓಣಿಯ ಬಾಯಲ್ಲಿ ನಿಂತು, ನಿಲ್ದಾಣದ ಧ್ವನಿಯಲ್ಲೇ, ಬಲೆ ಬಿಚ್ಚುವ ಮೊದಲು ಹೇಳುತ್ತೇನೆ. ಆ ಬುಧವಾರ ನಾನು ಇನ್ನೊಂದು ಗಾಡಿಯೊಂದಿಗೆ ಹುಕ್ಕೇರಿಗೆ ಹೋಗಿದ್ದೆ. ಮೂಡಲಗಿಯ ಓಣಿಗೆ ಹೋದವನು ಚಾಲಕ. ವಾರವೆಲ್ಲ ಬದನೆ, ಟೊಮೆಟೊ ಸಾಗಿಸುವ ಟೆಂಪೊ ಅವನದು. ಬಲೆ ಬೀಸುವವನೂ ಅವನೇ, ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಗಾಡಿ ಹೊಳೆಯ ಸೇತುವೆ ದಾಟುವಾಗ ಅವನು ಶುರುಮಾಡಿದ.

"ಕಾಕಾ, ಮೂಡಲಗಿ ಮೊದಲ ಮಾಡೂಣ್ರಿ. ಹುಕ್ಕೇರಿ ಆಮ್ಯಾಲ."

"ಯಾಕ?"

"ಅಲ್ಲೊಬ್ಬ ವಯಸ್ಸಾದ ಆಯಿ ಅದಾರ್ರಿ. ಖಂಡೋಬಾ ದೇವರ ಒಕ್ಕಲ, ನಾಯಿ ಆ ದೇವರ ಸಂಗಾತಿ. ರವಿವಾರ ಬಾಗಲಾಗಿನ ನಾಯಿಗೆ ಎಡಿ ಇಟ್ಟ ಮ್ಯಾಲ ಅವರು ಉಣ್ಣೂದು. ನಾಯಿ ಉಣ್ಣೂತನಾ ನೀರೂ ಮುಟ್ಟಂಗಿಲ್ಲಂತ. ಅದಕ್ಕ ಮಾತ ಕೊಟ್ಟೀನಿ, ರವಿವಾರ ಮುಂಜಾನಿ ಇದ್ದಂಗ ತಂದ ಬಿಡ್ತೀನಿ ಅಂತ."

"ಕಿವಿ ಕೊಯ್ಯೂದು ಹೇಳೀಯೇನು?"

ಅವನು ಗೇರು ಬದಲಿಸಿದ. "ಅದೇನ ದೊಡ್ಡದರಿ ಕಾಕಾ, ಇಷ್ಟ ತುದಿ."

ಡಾಕ್ಟರು ಹಿಂದೆ ಪಂಜರಗಳ ಪಕ್ಕದಲ್ಲಿ ಕುಳಿತಿದ್ದರು. "ಹೇಳಬೇಕಾಗಿತ್ತಲ್ಲೋ ಮಾರಾಯ," ಎಂದರು.

"ಬಾಯಾರ, ಕಿವಿ ಅಂದಿದ್ರ ಆಯಿ ನಾಯಿನ ಮನಿ ಒಳಗ ಕಟ್ಟಿ ಹಾಕ್ತಿದ್ರು. ನೀವು ಆ ಆಯಿನ ನೋಡಿಲ್ಲ."

ಹೊರಟ ಗಾಡಿಯ ಬಗ್ಗೆ ಮಾತಾಡಿ ಉಪಯೋಗವಿಲ್ಲ. ಮೂಡಲಗಿ ಮೊದಲು ಎಂದು ಮನಸ್ಸಿನಲ್ಲಿ ಬದಲಿಸಿಕೊಂಡೆ. ಅರಭಾವಿಯ ಬಳಿ ಎರಡೆರಡು ಟ್ರೇಲರು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿದ್ದವು. ಒಂದನ್ನು ದಾಟಿದರೆ ಮುಂದೆ ಮತ್ತೊಂದು. ತೋಟಗಾರಿಕೆ ಕಾಲೇಜಿನ ಹುಡುಗರು ಬೆಳಗಿನ ಓಟಕ್ಕೆ ಬಂದವರು ನಮ್ಮನ್ನು ಹಿಂದೆ ಹಾಕಿ ಹೋದರು. ಚಾಲಕ ಹಾರ್ನ್ ಬಾರಿಸುತ್ತಲೇ ಇದ್ದ. ನಾಯಿಗಳು ಒಂದೂ ಬೊಗಳಲಿಲ್ಲ. ಪಂಜರದಲ್ಲಿ ಅವು ಹಾಗೇ, ಗಾಡಿ ನಿಲ್ಲುವವರೆಗೆ ಸುಮ್ಮನಿರುತ್ತವೆ.

ಮೂಡಲಗಿಯ ಆ ಓಣಿ ಕಿರಿದು. ಒಂದು ಬದಿ ಕಬ್ಬಿನ ಖಾಲಿ ಟ್ರೇಲರು ನಿಂತಿತ್ತು. ಅದರ ಎದುರಿನ ಮನೆಯ ಕಟ್ಟೆಯ ಮೇಲೆ ಆಯಿ ಕುಳಿತಿದ್ದರು. ಸ್ನಾನ ಮಾಡಿ ಒದ್ದೆ ಕೂದಲು ಹಿಂದಕ್ಕೆ ಬಾಚಿ, ಹಣೆಗೆ ಭಂಡಾರ ಹಚ್ಚಿಕೊಂಡಿದ್ದರು. ಭಂಡಾರ ಎಂದರೆ ಖಂಡೋಬಾನ ಅರಿಷಿಣ ಪುಡಿ. ಮಗ್ಗುಲಲ್ಲಿ ಹಿತ್ತಾಳೆಯ ತಟ್ಟೆ, ಅದರಲ್ಲಿ ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ.

ಗಾಡಿ ನಿಲ್ಲುವ ಮೊದಲೇ ಅವರ ಸೊಸೆ ಓಡಿ ಬಂದಳು. "ಬಂದ್ರ್ಯಾ? ಎಷ್ಟೊತ್ತಿಂದ ದಾರಿ ನೋಡಾಕತ್ತೇನಿ. ನಾಯಿ ಬಂದ ಬಿಡ್ತೈತಿ ಅಂತ ಅತ್ತಿ ಸಕ್ಕರಿ ಬ್ಯಾನಿ ಗುಳಿಗಿ ನೀರಿಲ್ಲದ ನುಂಗಿ ಕುಂತಾರ್ರಿ. ಗುಳಿಗಿ ನುಂಗಿ ಲಗೂ ಉಣ್ಣದಿದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಹೋದ ವರ್ಷ ಹಿಂಗ ಬಿದ್ದ ಬೆಳಗಾಂವಿಗೆ ಒಯ್ದಿದ್ವಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಪಂಜರಗಳ ಚೀಟಿ ನೋಡಿ ಚಿಲಕ ತೆಗೆದೆ. ನಾಲ್ಕು ನಾಯಿಗಳು ಒಂದರ ಹಿಂದೊಂದು ಹಾರಿ ಓಡಿದವು. ಐದನೆಯದು ಆಯಿಯ ಬಾಗಿಲಿನ ಕೆಂಚು ಹೆಣ್ಣುನಾಯಿ. ಕೆಳಗಿಳಿದು, ಸುತ್ತ ನೋಡಿ, ನೇರವಾಗಿ ಟ್ರೇಲರಿನ ಕೆಳಗೆ ಹೋಗಿ ಮುದುಡಿ ಕುಳಿತಿತು.

"ಕುರ್ರೋ ಕುರ್ರೋ," ಎಂದು ಆಯಿ ಕರೆದರು. "ಬಾ ನಮ್ಮವ್ವಾ. ಯಾಕ, ನನ್ನ ಮ್ಯಾಲ ಸಿಟ್ಟ ಬಂದೈತೇನ?"

ನಾಯಿ ಅರ್ಧ ಮೈ ಹೊರಗೆ ತಂದು ಬಾಲ ಅಲ್ಲಾಡಿಸಿತು. ಬಿಸಿಲು ಅದರ ತಲೆಯ ಮೇಲೆ ಬಿತ್ತು. ಆಯಿಯ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು.

"ಇದರ ಕಿವಿ ಎಲ್ಲೈತಿ?"

ಆಯಿ ಚಾಲಕನತ್ತ ತಿರುಗಿದರು. "ಇದ್ದಂಗ ತರ್ತೀನಿ ಅಂದಿದ್ದೆಲ್ಲಾ?"

"ಇದ್ದಂಗ ಐತಲ್ಲರಿ ಆಯಿ. ನಾಕ ಕಾಲ ಅದಾವು, ಬಾಲ ಐತಿ. ಅದೊಂದೀಟ ಆಪರೇಶನ್ನಿನ ಗುರುತು."

"ನಿನ್ನ ಕಿವಿ ಒಂದೀಟ ಕೊಯ್ದ ಮನಿಗೆ ಕಳಸ್ತೀನಿ. ನಿನ್ನ ಹೇಣ್ತಿ, ಗಂಡ ಇದ್ದಂಗ ಬಂದಾನ ಅಂತಾಳೇನ ಕೇಳಿ ಬಾ."

ಕಟ್ಟೆಗಳ ಮೇಲೆ ಸೇರಿದ್ದವರು ನಕ್ಕರು. ಆಯಿ ನಗಲಿಲ್ಲ. ಸೆರಗಿನ ತುದಿಯಿಂದ ತಟ್ಟೆಯನ್ನು ಮುಚ್ಚಿದರು.

"ಊನ ಆದದ್ದರ ಮುಂದ ಎಡಿ ಇಡಾಕ ಬರಂಗಿಲ್ಲ. ನಮ್ಮ ಅತ್ತಿ ಕಾಲದಿಂದ ಹಿಂಗ."

"ಬ್ಯಾರೆ ನಾಯಿಗೆ ಇಡ್ರಿ ಅತ್ತಿ," ಎಂದಳು ಸೊಸೆ.

"ಯಾವ ನಾಯಿಗೆ? ಅಕಾ ನೋಡ, ಓಣ್ಯಾಗಿನ ಎಲ್ಲಾವೂ ಕಿವಿ ಕೊಯ್ಸಿಕೊಂಡ ಬಂದಾವು."

ಅದು ಖರೆ. ಚರಂಡಿಯ ಬಳಿ ನಿಂತಿದ್ದ ನಾಲ್ಕೂ ನಾಯಿಗಳ ಎಡಗಿವಿ ಮೊಂಡಾಗಿತ್ತು. ಒಂದನ್ನೂ ಬಿಡದೆ ಒಯ್ಯುವುದು ನಮ್ಮ ಪದ್ಧತಿ. ಓಣಿಯಲ್ಲಿ ಇಡೀ ಕಿವಿಯ ನಾಯಿ ಒಂದೂ ಉಳಿದಿರಲಿಲ್ಲ.

"ಬಾಜೂ ಓಣಿದು ಹಿಡ್ಕೊಂಡ ಬರ್ಲ್ಯಾ?" ಎಂದ ಚಾಲಕ.

"ಬಾಜೂ ಓಣಿ ನಾಯಿ ನನ್ನ ಹೊಸ್ತಲಾ ಕಾಯ್ತದೇನು? ಸುಮ್ನ ಕುಂಡರ."

ಆಯಿಯ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ತಂಪು ಮುಂಜಾನೆಯಲ್ಲಿ ಬರುವ ಬೆವರಲ್ಲ ಅದು. ಸೆರಗು ಹಿಡಿದಿದ್ದ ಬೆರಳುಗಳು ಸಣ್ಣಗೆ ನಡುಗತೊಡಗಿದ್ದವು. ಡಾಕ್ಟರು ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

"ಆಯಿ, ಒಂದ ಚಮಚಾ ಸಕ್ಕರಿ ಬಾಯಾಗ ಹಾಕ್ಕೊರಿ. ನುಂಗಬ್ಯಾಡ್ರಿ, ನಾಲಿಗಿ ಮ್ಯಾಲ ಇಟ್ಕೊರಿ ಸಾಕು."

"ನೀವು ನಾಯಿ ಡಾಕ್ಟರ ಹೌದಲ್ರಿ?"

"ಹೌದ್ರಿ."

"ಹಂಗಾದ್ರ ನಾ ಬೊಗಳಾಕ ಹತ್ತಿದಾಗ ಬರ್ರಿ."

ಮತ್ತೆ ನಗೆ. ಈ ಸಲ ಸೊಸೆ ಅಳುತ್ತಿದ್ದಳು. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ನಿಯಮ ಹೇಳುತ್ತೇನೆ. ಬಸ್ಸು ತಡವಾದಾಗಲೂ ಅದನ್ನೇ ಮಾಡುತ್ತಿದ್ದೆ. ಮುಂದೆ ಹೋಗಿ ನಿಂತು, ಆ ಬುಧವಾರ ಹೇಳಬೇಕಾಗಿದ್ದನ್ನು ಅದೇ ಧ್ವನಿಯಲ್ಲಿ ಹೇಳಿದೆ. ಎಡಗಿವಿಯ ತುದಿ ಕತ್ತರಿಸಿರುವುದು ಗುರುತಿಗಾಗಿ. ನಾಯಿ ಮತ್ತಿನಲ್ಲಿ ಇದ್ದಾಗಲೇ ಕತ್ತರಿಸುತ್ತೇವೆ. ಈ ಗುರುತು ಇರುವ ನಾಯಿಯನ್ನು ಇನ್ನು ಮುಂದೆ ಯಾವ ಬಲೆಯವರೂ ಒಯ್ಯುವುದಿಲ್ಲ, ಕಂಡರೂ ಬಿಟ್ಟು ಹೋಗುತ್ತಾರೆ.

"ಯಮಾ ಬಂದ್ರೂ ಬಿಟ್ಟ ಹೋಗ್ತಾನೇನ್ರಿ?" ಎಂದರು ಆಯಿ. "ಅವಗೂ ಏನರ ಪಾಸ್ ಕೊಟ್ಟೀರೇನ?"

ಹಾಗೆನ್ನುತ್ತ ತಲೆ ಎತ್ತಿ ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಕೈಯಿಂದ ಹತ್ತಿರ ಬರುವಂತೆ ಸನ್ನೆ ಮಾಡಿದರು.

"ನಿಮ್ಮ ಮೂಗಿಗೇನಾಗೈತ್ರಿ?"

ನನ್ನ ಮೂಗಿನ ಬಲ ಹೊಳ್ಳೆಯಲ್ಲಿ ತೂತಿದೆ. ಹೆಣ್ಣುಮಕ್ಕಳ ನತ್ತಿನ ತೂತಿಗಿಂತ ದೊಡ್ಡದು. ವಯಸ್ಸಾದಂತೆ ಇನ್ನಷ್ಟು ಜೋತಿದೆ. ಬಸ್ಸಿನ ವೇಳೆ ಕೇಳಲು ಬಂದ ಮಕ್ಕಳು ಮೊದಲೆಲ್ಲ ಕೇಳುತ್ತಿದ್ದರು. ಈಚೆಗೆ ಕೇಳುವವರಿಲ್ಲ.

"ನನಗಿಂತ ಮೊದಲ ಹುಟ್ಟಿದ ಕೂಸುಗಳು ಉಳೀಲಿಲ್ರಿ," ಎಂದೆ. "ನಾ ಹುಟ್ಟಿದ ಕೂಡಲೇ ತಿಪ್ಪಿ ಮ್ಯಾಲ ಹೊರಳಿಸಿ, ಮೂಗ ಚುಚ್ಚಿಸಿದ್ರು."

ಆ ಪದ್ಧತಿ ನಮ್ಮ ಕಡೆ ಗೊತ್ತಿಲ್ಲದ ಹಳಬರಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಬೇಕೆಂದೇ ಊನ ಮಾಡುತ್ತಿದ್ದರು. ಕಸದ ತಿಪ್ಪೆಗೆ ಹಾಕಿ ಎತ್ತಿಕೊಳ್ಳುವುದು, ಹಿಡಿ ಜೋಳಕ್ಕೆ ಪಕ್ಕದ ಮನೆಗೆ ಮಾರಿ ಮತ್ತೆ ಕೊಂಡುಕೊಳ್ಳುವುದು. ಇದು ಕೆಟ್ಟು ಹೋದ ಮಾಲು, ಇದನ್ನು ಒಯ್ದು ಏನು ಮಾಡಲಿ ಎಂದು ಸಾವು ಬಿಟ್ಟು ಹೋಗಲಿ ಎಂಬ ಲೆಕ್ಕ.

ನಾನು ಅವರ ಬೆರಳುಗಳನ್ನೇ ನೋಡುತ್ತಿದ್ದೆ. ನಡುಕ ಹೆಚ್ಚಿತ್ತು.

"ಯಮ ಬಿಟ್ಟ ಹೋದ ಹಂಗಾದ್ರ," ಎಂದರು ಆಯಿ. ಈಗ ಮಾತಿನಲ್ಲಿ ಬಹುವಚನ ಇರಲಿಲ್ಲ. "ಎಷ್ಟ ವರ್ಷ ಆದ್ವು ತಮ್ಮಾ ನಿನಗ?"

"ಎಪ್ಪತ್ತ ದಾಟೈತ್ರಿ."

"ಮನ್ಯಾಗ ದೇವರಿಗೆ ಎಡಿ ನೀನ ಇಡ್ತೀಯೋ ಇಲ್ಲೋ?"

"ನಾನ ಇಡ್ತೀನ್ರಿ."

"ಊನ ಐತಿ ಅಂತ ಯಾರರ ಬ್ಯಾಡ ಅಂದಾರೇನ?"

"ಇಲ್ರಿ."

"ನಿಮ್ಮವ್ವ ನಿನ್ನ ಎತ್ತಿ ಮುದ್ದ ಮಾಡ್ತಿರಲಿಲ್ಲ. ಹೌದಲ್ಲೋ?"

ಈ ಪ್ರಶ್ನೆ ನನಗೆ ಬೇಕಿರಲಿಲ್ಲ. ಓಣಿ ತುಂಬ ಜನ ನಿಂತಿದ್ದರು.

"ಇಲ್ರಿ."

"ಅದು ಹೆದರಿಕಿ ತಮ್ಮಾ. ನಾನೂ ಒಂದ ಕೂಸನ ಹಂಗ ಬೆಳಿಸೀನಿ. ಮುದ್ದ ಮಾಡಿದ್ರ ಯಮಗ ಗೊತ್ತ ಆಕ್ಕೈತಿ, ಇದು ಬೇಕಾದದ್ದು ಅಂತ."

ಅವರು ಸೊಸೆಯ ತೋಳು ಹಿಡಿದು ಎದ್ದರು. ಸೊಂಟದ ಚೀಲದಿಂದ ಭಂಡಾರ ತೆಗೆದು, ಬಾ ಎಂದು ನನ್ನ ಮುಖ ಬಗ್ಗಿಸಿ, ಮೂಗಿನ ತೂತಿಗೆ ಒತ್ತಿ ಹಚ್ಚಿದರು. ಬೆರಳು ತಣ್ಣಗಿತ್ತು.

"ಈಗ ಆಕಿನ ಕರೀರಿ."

ಕರೆದರೆ ಬರುವ ಸ್ಥಿತಿಯಲ್ಲಿ ನಾಯಿ ಇರಲಿಲ್ಲ. ನಮ್ಮ ಗಾಡಿಯ ವಾಸನೆಗೆ ಅದು ಟ್ರೇಲರಿನ ಹಿಂದಿನ ಚಕ್ರಕ್ಕೆ ಅಂಟಿಕೊಂಡಿತ್ತು. ಇದು ನನಗೆ ತಿಳಿದ ಕೆಲಸ. ಗಾಡಿಯನ್ನು ಓಣಿಯ ಆಚೆ ಒಯ್ಯಲು ಚಾಲಕನಿಗೆ ಹೇಳಿದೆ. ಡಾಕ್ಟರನ್ನೂ ಅದರಲ್ಲಿ ಕಳಿಸಿದೆ, ಅವರ ಕೈಗೆ ಔಷಧಿಯ ವಾಸನೆ ಇರುತ್ತದೆ. ಕಟ್ಟೆಯ ಮೇಲಿನವರಿಗೆ ಒಳಗೆ ಹೋಗಲು ಹೇಳಿ ಬಾಗಿಲು ಮುಚ್ಚಿಸಿದೆ. ನಾನು ಮನೆಯ ಮೂಲೆಯ ಹಿಂದೆ ನಿಂತೆ. ಓಣಿಯಲ್ಲಿ ಆಯಿ, ಅವರನ್ನು ಹಿಡಿದ ಸೊಸೆ, ತಟ್ಟೆ ಮಾತ್ರ ಉಳಿದವು.

ಆಯಿ ಟ್ರೇಲರಿನ ಪಕ್ಕ ನೆಲದ ಮೇಲೆ ಕುಳಿತರು. ಕರೆಯಲಿಲ್ಲ. ಸುಮ್ಮನೆ ಕುಳಿತರು. ಅವರ ತಲೆ ಒಮ್ಮೆ ಮುಂದಕ್ಕೆ ವಾಲಿತು. ಸೊಸೆ ಭುಜ ಹಿಡಿದು ನೇರ ಮಾಡಿದಳು. ಡಾಕ್ಟರನ್ನು ಮರಳಿ ಕರೆಸಬೇಕೇ ಎಂದು ಯೋಚಿಸಿದೆ. ಕರೆಸಿದರೆ ನಾಯಿ ಬರುವುದಿಲ್ಲ. ನಾಯಿ ಬರದಿದ್ದರೆ ಇವರು ಉಣ್ಣುವುದಿಲ್ಲ. ನಿಂತಲ್ಲೇ ನಿಂತೆ.

ನಾಯಿ ಹೊರಗೆ ಬಂತು. ಬೋಳಿಸಿದ ಮಗ್ಗುಲನ್ನು ಗೋಡೆಯ ಕಡೆ ಮಾಡಿಕೊಂಡು, ಹೊಟ್ಟೆ ನೆಲಕ್ಕೆ ತಾಗುವಂತೆ ಬಂದು ಆಯಿಯ ಮೊಣಕಾಲಿಗೆ ಮೂಗು ಹಚ್ಚಿತು. ಆಯಿ ನಡುಗುವ ಬೆರಳಿನಿಂದ ಮೊಂಡು ಕಿವಿಗೆ ಭಂಡಾರ ಹಚ್ಚಿದರು. ತಟ್ಟೆ ಮುಂದೆ ಸರಿಸಿದರು. ನಾಯಿ ಮೊದಲು ಬರೀ ಹಾಲು ನೆಕ್ಕಿತು. ಸೊಸೆ ನನ್ನತ್ತ ನೋಡಿದಳು. ನೆಕ್ಕಿದ್ದು ಉಂಡಂತೆ ಆಗುವುದಿಲ್ಲ ಎಂದು ಅವಳ ಮುಖದಲ್ಲಿತ್ತು. ಆಮೇಲೆ ಅದು ತಲೆ ಓರೆ ಮಾಡಿ ಒಂದು ತುಣುಕು ರೊಟ್ಟಿ ಕಚ್ಚಿ ನುಂಗಿತು.

"ಉಂಡ್ತಲ್ಲ ಅತ್ತಿ, ಏಳ್ರಿ, ಏಳ್ರಿ," ಎಂದು ಸೊಸೆ ಅವರನ್ನು ಎತ್ತಿಕೊಂಡೇ ಒಳಗೆ ಹೋದಳು.

ನಾನು ಡಾಕ್ಟರನ್ನು ಕರೆದೆ. ಅವರು ಓಡಿ ಒಳಗೆ ಹೋದರು. ಹೊರಗೆ ಬಂದಾಗ ಅವರ ಹಣೆಯಲ್ಲೂ ಬೆವರಿತ್ತು. "ಸಕ್ಕರಿ ನೀರು ಕುಡದ್ರು, ಈಗ ರೊಟ್ಟಿ ತಿನ್ನಾಕತ್ತಾರ," ಎಂದರು. "ನನಗ ಬೈಯಾಕತ್ತಾರ ಅಂದ ಮ್ಯಾಲ ಆರಾಮ ಅದಾರ."

ನಾವು ಹೊರಡುವಾಗ ಕಿಟಕಿಯಿಂದ ಆಯಿಯ ಧ್ವನಿ ಬಂತು. ಚಾಲಕನಿಗೆ. "ಏ ಹುಡುಗಾ, ಮುಂದಿನ ಓಣ್ಯಾಗ ಕಿವಿ ಮಾತ ಮೊದಲ ಹೇಳ, ಆಮ್ಯಾಲ ಬಲಿ ಬೀಸ."

"ಹೂನ್ರಿ ಆಯಿ."

"ಹೂಂ ಅಂತ ಆವಾಗೂ ಅಂದಿದ್ದಿ."

ಹುಕ್ಕೇರಿಯ ದಾರಿ ಹಿಡಿದೆವು. ಚಾಲಕ ಒಮ್ಮೆ, "ಕಾಕಾ, ಸಿಟ್ಟ ಆದ್ರ್ಯಾ?" ಎಂದ. ಇಲ್ಲವೆಂದೆ. ಸಿಟ್ಟು ಇರಲಿಲ್ಲ. ಏನಿತ್ತು ಎಂದು ಹುಡುಕಿ ನೋಡಿದೆ, ಏನೂ ಇರಲಿಲ್ಲ.

ಚಿಕ್ಕಂದಿನಲ್ಲಿ ನನಗೆ ಹಬ್ಬಕ್ಕೂ ಹಳೆಯ ಅಂಗಿಯೇ. ಯಾರಾದರೂ ಹುಡುಗ ಮೈ ತುಂಬಿಕೊಂಡಿದ್ದಾನೆ ಎಂದರೆ ಅವ್ವ, "ಬಿಡ್ರಿ, ತಿಪ್ಪಿ ಮ್ಯಾಲಿಂದು," ಎಂದು ಮುಖ ತಿರುಗಿಸುತ್ತಿದ್ದಳು. ಪದ್ಧತಿ ಎಂದು ದೊಡ್ಡವನಾದ ಮೇಲೆ ತಿಳಿಯಿತು. ಅಷ್ಟರಲ್ಲಿ ಹಾಗೇ ಇರುವುದು ಅಭ್ಯಾಸವಾಗಿತ್ತು. ಅಪಾಯದ ವಯಸ್ಸು ದಾಟಿದ ಮೇಲಾದರೂ ಅವಳು ಬದಲಾಗಬಹುದಿತ್ತು. ಅವಳಿಗೂ ಅಭ್ಯಾಸವಾಗಿರಬೇಕು. ಅವಳು ತೀರಿಕೊಂಡು, ಕರ್ಮಗಳು ಮುಗಿದ ಮರುದಿನ ನಾನು ಡ್ಯೂಟಿಗೆ ಹೋಗಿ ಮೂಡಲಗಿ, ಹುಕ್ಕೇರಿ, ಸಂಕೇಶ್ವರದ ಗಾಡಿಗಳನ್ನು ಕೂಗಿದೆ. ಧ್ವನಿ ಎಂದಿನಂತೆ ಇತ್ತು ಎಂದು ಎಲ್ಲರೂ ಮೆಚ್ಚಿಕೊಂಡರು.

ಹೆದರಿಕೆ ಎಂದು ಆಯಿ ಹೇಳಿದ ಮಾತನ್ನು ರಸ್ತೆಯುದ್ದಕ್ಕೂ ಒಂದೆರಡು ಸಲ ನೆನೆದೆ. ಕೇಳಲು ಸರಿಯಾಗಿಯೇ ಇತ್ತು. ಆದರೆ ತಲುಪಬೇಕಾದವನಿಗೆ ಬಹಳ ತಡವಾಗಿ ಬಂದ ಗಾಡಿಯಂತೆ, ಬಂದು ನಿಂತಿತು, ಹತ್ತುವವರು ಯಾರೂ ಇರಲಿಲ್ಲ.

ಹುಕ್ಕೇರಿಯಲ್ಲಿ ಸಂತೆ ಕೂಡುವ ಜಾಗದ ಹಿಂದೆ ಎರಡು ನಾಯಿಗಳನ್ನು ಬಿಟ್ಟೆವು. ಅಲ್ಲಿ ಕಾಯುತ್ತಿದ್ದವರು ಯಾರೂ ಇರಲಿಲ್ಲ. ಒಂದು ವಿದ್ಯುತ್ ಕಂಬಕ್ಕೆ ಕಾಲೆತ್ತಿ ಹೋಯಿತು. ಇನ್ನೊಂದು ಪಂಜರದಿಂದ ಇಳಿಯಲು ಒಲ್ಲೆನೆಂದಿತು. ಚಾಲಕ ಪಂಜರವನ್ನು ಓರೆ ಮಾಡಿ ಇಳಿಸಿದ.

ಡಾಕ್ಟರಿಗೆ ಅಲ್ಲಿಂದ ಸಂಕೇಶ್ವರದ ಬಸ್ಸು. ಹತ್ತುವ ಮೊದಲು ನಿಂತರು. "ಕಾಕಾ, ಮೂಗಿನ ಮಾತ ನನಗ ಗೊತ್ತ ಇರಲಿಲ್ಲ."

"ನೀವು ಕೇಳಿರಲಿಲ್ಲ."

"ಅರಿಷಿಣ ಇನ್ನೂ ಐತಿ. ಒರಿಸ್ಕೊಳ್ರಿ." ಕರವಸ್ತ್ರ ಮುಂದೆ ಹಿಡಿದರು.

"ಶೆಡ್ಡಿಗೆ ಹೋಗಿ ತೊಳ್ಕೊತೀನಿ. ಗುರುವಾರ ಮತ್ತಿನ ಔಷಧಿ ಕಡಿಮಿ ಬೀಳ್ತೈತಿ, ತರ್ರಿ."

ಅವರು ತಲೆಯಾಡಿಸಿ ಬಸ್ಸು ಹತ್ತಿದರು.

ಗೋಕಾಕ ತಲುಪಿದಾಗ ಊಟದ ಹೊತ್ತು ಮೀರಿತ್ತು. ಚಾಲಕ ಪಂಜರಗಳನ್ನು ಇಳಿಸಿ, ಸಂಜೆಯ ಬದನೆ ಮಾಲಿಗೆ ಹೋಗಬೇಕೆಂದು ಹೊರಟ. ಹೋಗುವ ಮುನ್ನ ಫೋನು ಮಾಡಿ ಮೂಡಲಗಿಯ ಸೊಸೆಯನ್ನು ವಿಚಾರಿಸಿದ. ಅವಳ ಮಾತು ನನಗೂ ಕೇಳಿಸಿತು. ಅತ್ತೆ ಉಂಡು ಮಲಗಿದ್ದಾರೆ, ನಾಯಿ ಹೊಸ್ತಿಲ ಮೇಲೆ ಮಲಗಿದೆ, ಒಳಗೆ ಹೋಗಲೂ ದಾಟಬೇಕು, ಹೊರಗೆ ಬರಲೂ ದಾಟಬೇಕು.

"ಕೇಳಿದ್ರ್ಯಾ ಕಾಕಾ?" ಎಂದ.

ಕೇಳಿದೆ ಎಂದೆ.

ಒಬ್ಬನೇ ಉಳಿದೆ. ಪಂಜರಗಳನ್ನು ಸಾಲಾಗಿ ಇಟ್ಟು, ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ಒಂದೊಂದಾಗಿ ಉಜ್ಜಿದೆ. ಕೆಂಚು ನಾಯಿಯ ಪಂಜರದ ಸರಳುಗಳಲ್ಲಿ ಕೂದಲು ಸಿಕ್ಕಿತ್ತು, ಕಡ್ಡಿಯಿಂದ ತೆಗೆದೆ. ಚೀಟಿಗಳನ್ನು ಹರಿದು ಒಲೆಗೆ ಹಾಕಿದೆ. ಬಲೆಯನ್ನು ಎರಡು ನೀರಿನಲ್ಲಿ ಜಾಲಿಸಿ, ನೀರು ಬಸಿಯುವಂತೆ ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿದೆ. ಆಮೇಲೆ ನಲ್ಲಿಯ ಕೆಳಗೆ ಮೊಣಕೈಯವರೆಗೆ ಸಾಬೂನು ಹಚ್ಚಿ ಕೈ ತೊಳೆದು, ಮುಖ ತೊಳೆದುಕೊಂಡೆ. ಅರಿಷಿಣ ಹೋಗಿರಬಹುದು. ಶೆಡ್ಡಿನಲ್ಲಿ ಕನ್ನಡಿ ಇಲ್ಲ.

ಬಾಗಿಲು ಎಳೆದು ಕೀಲಿ ಹಾಕಿದೆ.